ಸಾಹುಕಾರರ ವಾಚಿನ ಇಪ್ಪತ್ತಾರನೇ ತಾರೀಖು

ವಾಚ್ ರಿಪೇರಿ ಅಂಗಡಿಯಲ್ಲಿ ಕೂತವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ನಗುವ ವಿಷಯವೇ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ. ಶಹಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ನಾನು ಬಹಳ ವರ್ಷದಿಂದ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದೇನೆ. ಈಗ ಎಲ್ಲರೂ ಮೊಬೈಲಿನಲ್ಲೇ ಟೈಮ್ ನೋಡುವುದರಿಂದ ಗೋಡೆ ಗಡಿಯಾರಕ್ಕೆ ಸೆಲ್ ಹಾಕುವುದೇ ನನ್ನ ದೊಡ್ಡ ಕಸುಬು. ಇಂಥ ಕಾಲದಲ್ಲಿ ನನ್ನ ವಿದ್ಯೆಗೆ ಬೆಲೆ ಕೊಟ್ಟವರು ರಂಗಂಪೇಟೆಯ ಸಾಹುಕಾರರೊಬ್ಬರು. ಹತ್ತಿ ಮಿಲ್ಲಿನ ಮಾಲೀಕರು, ದುಬಾರಿ ಕೈಗಡಿಯಾರ ಕೂಡಿಸುವ ಹುಚ್ಚಿನವರು. ನನ್ನ ನಿದ್ದೆ ಕೆಡಿಸಿದವರೂ ಅವರೇ.

೧. ಎರಡು ಸಾವಿರದ ನೂರನೇ ಇಸವಿ

ಮೊದಲನೇ ವಾಚು ಹೈದರಾಬಾದಿನಿಂದ ಬಂದ ದಿನ ಸಾಹುಕಾರರು ಅದನ್ನು ಬಿಳಿ ಟವೆಲ್ಲಿನಲ್ಲಿ ಸುತ್ತಿಕೊಂಡು ತಂದು ನನ್ನ ಮೇಜಿನ ಮೇಲಿಟ್ಟರು. ಒಂದು ದೊಡ್ಡ ಮುಖ, ಅದರೊಳಗೆ ಬಟಾಣಿ ಕಾಳಿನಷ್ಟು ನಾಲ್ಕು ಸಣ್ಣ ಮುಖ. ತಾರೀಖಿಗೊಂದು, ವಾರಕ್ಕೊಂದು, ತಿಂಗಳಿಗೊಂದು, ಚಂದ್ರನಿಗೊಂದು. ಪಕ್ಕದ ಗುಂಡಿ ಒತ್ತಿದರೆ ಓಟದ ಪಂದ್ಯದ ಗಡಿಯಾರದಂತೆ ಸೆಕೆಂಡು ಎಣಿಸುವ ಮುಳ್ಳು ಬೇರೆ. ಇಷ್ಟೆಲ್ಲದರ ನಡುವೆ ಟೈಮ್ ಎಷ್ಟು ಎಂದು ಹುಡುಕಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ತಿಂಗಳು ಮೂವತ್ತರದೋ ಮೂವತ್ತೊಂದರದೋ, ಫೆಬ್ರವರಿ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ, ಎಲ್ಲಾ ಇದಕ್ಕ ತಾನ ಗೊತ್ತಾಗತದ. ಎರಡ ಸಾವಿರದ ನೂರನೇ ಇಸ್ವಿ ತನಕ ಯಾರೂ ಕೈ ಹಚ್ಚೋದ ಬ್ಯಾಡ" ಎಂದರು ಸಾಹುಕಾರರು.

ಅಷ್ಟು ಲೆಕ್ಕ ಬಲ್ಲ ವಾಚಿನ ಯಜಮಾನರಿಗೆ ತಾವು ಹುಟ್ಟಿದ ದಿನ ಗೊತ್ತಿಲ್ಲ. ಶಾಲೆಯ ಮಾಸ್ತರರು ಬರೆದ ಪ್ರಕಾರ ಜೂನ್ ಒಂದು. ಅವರ ಇಬ್ಬರು ತಮ್ಮಂದಿರದೂ ಜೂನ್ ಒಂದು. ನನ್ನದೂ ಅದೇ.

"ಎರಡ ಸಾವಿರದ ನೂರು ದಾಟಿದ ಮ್ಯಾಲ ಏನ್ ಮಾಡ್ತೀರಿ?" ಎಂದು ಕೇಳಿದೆ.

"ಆವಾಗ ನಿಮ್ಮ ಕಡೀನ ತರ್ತೀನಿ. ಒಂದ ಸಲ ಸರಿ ಮಾಡಿ ಕೊಟ್ಬಿಡ್ರಿ."

ಅವರಿಗಾಗ ಐವತ್ತೆಂಟು, ನನಗೆ ಅರವತ್ತು. ಕಾಯಂ ಗಿರಾಕಿಗೆ ಆಗುವುದಿಲ್ಲ ಅನ್ನಬಾರದೆಂದು ಒಪ್ಪಿಕೊಂಡೆ.

೨. ವನದುರ್ಗದ ಮದುವೆ

ಸೆಕೆಂಡು ಎಣಿಸುವ ಮುಳ್ಳಿದ್ದ ಮೇಲೆ ಏನನ್ನಾದರೂ ಎಣಿಸಬೇಕಲ್ಲ. ಸಾಹುಕಾರರು ಕ್ಷೌರ ಎಣಿಸಿದರು, ಕುಕ್ಕರಿನ ಸೀಟಿ ಎಣಿಸಿದರು, ಹೆಂಡತಿಯ ಪೂಜೆ ಎಣಿಸಲು ಹೋಗಿ ಬೈಸಿಕೊಂಡರು. ಕೊನೆಗೆ ವನದುರ್ಗದಲ್ಲಿ ಒಂದು ಮದುವೆಗೆ ನನ್ನನ್ನೂ ಕಾರಿನಲ್ಲಿ ಕೂಡಿಸಿಕೊಂಡು ಹೋದರು. ಕಾರ್ಡಿನಲ್ಲಿ ಅಕ್ಷತೆಯ ಮುಹೂರ್ತ ಹನ್ನೆರಡು ಗಂಟೆ ಮೂವತ್ತೆರಡು ನಿಮಿಷ ಎಂದು ಅಚ್ಚಾಗಿತ್ತು. ಆ ನಿಮಿಷಕ್ಕೆ ಸರಿಯಾಗಿ ಸಾಹುಕಾರರು ಗುಂಡಿ ಒತ್ತಿದರು. ಮದುಮಗ ಆಗಿನ್ನೂ ಜಳಕ ಮಾಡುತ್ತಿದ್ದ.

ಅಂತೂ ಅಕ್ಕಿಕಾಳು ಬಿದ್ದ ಮೇಲೆ ಮತ್ತೆ ಗುಂಡಿ ಒತ್ತಿ, ನೇರವಾಗಿ ಮಂತ್ರ ಹೇಳಿದ ಅಯ್ಯನವರ ಹತ್ತಿರ ಹೋದರು. "ಅಯ್ನೋರ, ಒಂದ ತಾಸು ನಲವತ್ತೊಂದ ನಿಮಿಷ ಹನ್ನೆರಡ ಸೆಕೆಂಡ್ ತಡಾ ಆಗ್ಯಾದ."

ಅಯ್ಯನವರು ಶಲ್ಯ ಸರಿ ಮಾಡಿಕೊಂಡು, "ಹೌದೇನ್ರಿ? ಹಂಗಾರ ಈ ಊರಾಗ ಇಷ್ಟ ಲಗೂ ಆಗಿದ್ದು ಇದ ಮೊದಲನೇ ಮದಿವಿ" ಎಂದರು.

೩. ವಾಚುಗಳ ಸೂಟಿ

ಮೂರು ವಾಚು ಕೂಡಿದ ವರ್ಷ ದಸರೆ ಬಂತು. ಅವರ ಮನೆಯ ಪದ್ಧತಿ ಬೇರೆ. ಘಟ ಸ್ಥಾಪಿಸಿದ ದಿನವೇ ಮಿಲ್ಲಿನ ನಟ್ಟು ಬಿಗಿಯುವ ಪಾನಾ, ಸುತ್ತಿಗೆ ಎಲ್ಲ ದೇವರ ಮುಂದೆ ಇಟ್ಟರೆ, ಬನ್ನಿ ಮುಡಿದು ಬರುವ ತನಕ ಯಾರೂ ಮುಟ್ಟುವ ಹಾಗಿಲ್ಲ. ಆ ಸಲ ಸಾಹುಕಾರರ ಹೆಂಡತಿ ಮೂರೂ ವಾಚುಗಳನ್ನು ಪಾನಾಗಳ ಸಾಲಿನಲ್ಲಿಟ್ಟು, ವಿಭೂತಿ ಹಚ್ಚಿ, ಕುಂಕುಮ ಹಾಕಿ, ಮೇಲೆ ಕಾಯಿ ಒಡೆದರು.

ಅವು ಕೈಯಲ್ಲಿದ್ದು ಅಲುಗಾಡಿದರೆ ಮಾತ್ರ ನಡೆಯುವ ವಾಚುಗಳು. ಮೂರನೇ ದಿನಕ್ಕೇ ನಿಂತವು. ಬನ್ನಿ ಮುಡಿದು ಬಂದು ನೋಡಿದರೆ ಒಂದರೊಳಗೆ ಕಾಯಿ ನೀರು ಇಳಿದಿತ್ತು, ಇನ್ನೊಂದರೊಳಗೆ ಕುಂಕುಮ. ನೂರು ವರ್ಷದ ಪಂಚಾಂಗ ಬಾಯಿಪಾಠ ಮಾಡಿದ್ದ ವಾಚುಗಳಿಗೆ ಇವತ್ತು ಯಾವ ದಿನ ಎಂಬುದು ಮರೆತುಹೋಗಿತ್ತು.

ಸಾಹುಕಾರರು ತಲೆ ಮೇಲೆ ಕೈ ಹೊತ್ತು ಕೂತರೆ ಅವರ ಹೆಂಡತಿ, "ವರ್ಷಪೂರ್ತಿ ದುಡದಾವ್ರಿ. ಅವಕ್ಕೂ ಒಂದ್ ನಾಕ ದಿನ ಸೂಟಿ ಬ್ಯಾಡೇನು?" ಎಂದು ಕೇಳಿದರಂತೆ.

೪. ಹಿಂದಕ್ಕೆ ಬಾರದ ಮುಳ್ಳು

ಸೂಟಿ ಆಗಿದ್ದು ಕೆಟ್ಟ ಹೊತ್ತಿನಲ್ಲಿ. ಹದಿನೆಂಟನೇ ತಾರೀಖಿಗೆ ಸಾಹುಕಾರರ ಮಗಳ ನಿಶ್ಚಿತಾರ್ಥ. ಬೀಗರು ಯಾದಗಿರಿಯ ಅಕ್ಕಿ ಮಿಲ್ಲಿನವರು, ಅವರ ಕೈಯಲ್ಲೂ ಇಂಥದೇ ಒಂದು ವಾಚು. ಹೆಣ್ಣು ನೋಡಲು ಬಂದ ದಿನ ಇಬ್ಬರೂ ಹೆಣ್ಣನ್ನು ಬಿಟ್ಟು ಪರಸ್ಪರ ಮಣಿಕಟ್ಟು ನೋಡಿಕೊಂಡಿದ್ದರು. ಈಗ ಬೀಗರ ಮುಂದೆ ಬರಿಗೈಯಲ್ಲಿ ನಿಲ್ಲುವುದೆಂದರೆ ಸಾಹುಕಾರರಿಗೆ ಸಾವೇ. ಕಂಪನಿಗೆ ಕಳಿಸಿದರೆ ತಿಂಗಳುಗಟ್ಟಲೆ ಕಾಯಬೇಕು. ಹದಿನಾಲ್ಕನೇ ತಾರೀಖು, ನೀರು ಕುಂಕುಮ ಎರಡೂ ತಾಕದೆ ಉಳಿದಿದ್ದ ಒಂದೇ ವಾಚನ್ನು ನನ್ನ ಮುಂದಿಟ್ಟು, "ನಿಮ್ಮ ಕೈಯಾಗ ನನ್ನ ಮಾನ ಅದ" ಎಂದರು.

ವಾಚು ಆರನೇ ತಾರೀಖಿಗೆ ನಿಂತಿತ್ತು. ಪಕ್ಕದಲ್ಲಿ ಸೂಜಿ ಹೋಗುವಷ್ಟು ತೂತು. ಒಮ್ಮೆ ಒತ್ತಿದರೆ ಒಂದು ದಿನ ಮುಂದೆ. ಎಂಟು ಸಲ ಒತ್ತಿದರೆ ಮುಗಿಯಿತು. ಎಂಟೂ ಸಲ ಒತ್ತಿದೆ. ಮುಳ್ಳು ಅಲುಗಲಿಲ್ಲ. ಜಾಮ್ ಆಗಿರಬೇಕೆಂದು ಇನ್ನೂ ಹನ್ನೆರಡು ಸಲ ಜೋರಾಗಿ ಒತ್ತಿದೆ. ಆಮೇಲೆ ತಿಳಿಯಿತು, ನಾನು ಒತ್ತುತ್ತಿದ್ದುದು ತಾರೀಖು, ನೋಡುತ್ತಿದ್ದುದು ತಿಂಗಳು. ತಾರೀಖು ಇಪ್ಪತ್ತಾರಕ್ಕೆ ಹೋಗಿ ಕೂತಿತ್ತು. ಇಷ್ಟು ವರ್ಷದ ನನ್ನ ಹೆಸರೂ ಅದರ ಜೊತೆಗೇ ಹೋಯಿತು ಅಂದುಕೊಂಡೆ.

"ಹಿಂದಕ ತರ್ರಿ" ಎಂದರು ಸಾಹುಕಾರರು.

"ಇದು ಹಿಂದಕ ಬರಂಗಿಲ್ರಿ. ನಿಲ್ಲಿಸಿ ಇಟ್ಟು, ಇಪ್ಪತ್ತಾರನೇ ತಾರೀಖ ಬಂದ ಮ್ಯಾಲ ಚಾಲೂ ಮಾಡಬೇಕ್ರಿ."

ಬೈಯುತ್ತಾರೆ ಅಂದುಕೊಂಡೆ. ಅವರು ಒಂದು ಕಪ್ ಚಹಾ ಮುಗಿಸಿ, "ಹಂಗಾರ ವಾಚಿಂದ ತಪ್ಪಿಲ್ಲ, ನಾವ ಹಿಂದ ಅದೀವಿ" ಎಂದು ಅಲ್ಲಿಂದಲೇ ಅಯ್ಯನವರಿಗೆ ಫೋನ್ ಹಚ್ಚಿದರು. ವನದುರ್ಗದಲ್ಲಿ ಮಂತ್ರ ಹೇಳಿದವರೇ.

"ಅಯ್ನೋರ, ನಮ್ಮ ವಾಚ್ ಇಪ್ಪತ್ತಾರಕ್ಕ ಹೋಗಿ ನಿಂತದ. ಇಪ್ಪತ್ತಾರಕ್ಕ ಮುಹೂರ್ತ ಅದ ಏನು?"

"ಹದಿನೆಂಟ ಭಾಳ ಛಲೋ ಅದ ಅಂತ ನಾನ ತಗದ ಕೊಟ್ಟೀನಲ್ರಿ" ಎಂದರು ಅಯ್ಯನವರು. ಈ ಕಡೆ ಸಾಹುಕಾರರು "ಇಪ್ಪತ್ತಾರು" ಎಂದು ಮತ್ತೊಮ್ಮೆ ಹೇಳಿದರು. ಆ ಕಡೆ ಪಂಚಾಂಗದ ಹಾಳೆ ತಿರುಗಿದ ಸಪ್ಪಳ ಕೇಳಿಸಿತು. "ಇಪ್ಪತ್ತಾರ ಇನ್ನೂ ಛಲೋ ಅದರಿ. ಬೀಗರಿಗೆ ನಾನ ಹೇಳ್ತೀನಿ."

೫. ನಿಶ್ಚಿತಾರ್ಥ

ಇಪ್ಪತ್ತಾರನೇ ತಾರೀಖು ಬೆಳಿಗ್ಗೆ ನಾನೇ ರಂಗಂಪೇಟೆಗೆ ಹೋಗಿ ವಾಚು ಚಾಲೂ ಮಾಡಿ ಸಾಹುಕಾರರ ಕೈಗೆ ಕಟ್ಟಿದೆ. ಬೀಗರು ಬಂದರು. ನಮಸ್ಕಾರ ಮಾಡುವ ನೆಪದಲ್ಲಿ ಮಣಿಕಟ್ಟು ನೋಡಿ, "ತಾರೀಖ ಬರೋಬರಿ ಅದ" ಎಂದರು. ಸಾಹುಕಾರರ ಎದೆ ಉಬ್ಬಿತು. ನನಗೂ ಹೋದ ಜೀವ ಬಂದಂತಾಯಿತು.

ನಮ್ಮ ಕಡೆ ನಿಶ್ಚಿತಾರ್ಥದಲ್ಲಿ ಹೆಣ್ಣಿನವರು ಅಳಿಯನಿಗೆ ಬಟ್ಟೆ, ಉಂಗುರ, ವಾಚು ಕೊಡುತ್ತಾರೆ. ಸಾಹುಕಾರರು ನನ್ನ ಅಂಗಡಿಯಿಂದಲೇ ಒಂದು ಸಾದಾ ವಾಚು ಒಯ್ದು ತಾಟಿನಲ್ಲಿಟ್ಟಿದ್ದರು. ಬಟ್ಟೆ ಕೊಟ್ಟದ್ದಾಯಿತು, ಉಂಗುರ ತೊಡಿಸಿದ್ದಾಯಿತು. ಅಷ್ಟರಲ್ಲಿ ಗಂಡಿನ ಅಜ್ಜಿ ಎದ್ದು ಬಂದು ಸಾಹುಕಾರರ ಮಣಿಕಟ್ಟು ಹಿಡಿದುಕೊಂಡರು.

"ಬೀಗರ, ಎಲ್ಲಾ ಅಯ್ನೋರು ಹೇಳ್ಯಾರ. ವಾಚಿನ ಸಲುವಾಗಿ ಎಂಟ ದಿನ ಕಾರ್ಯಾ ಮುಂದ ಹಾಕೀರಿ ಅಂತ. ಅಳಿಯನ ಮ್ಯಾಲ ಇಷ್ಟ ಜೀವ ಇಟ್ಟ ಮಂದೀನ ನಾ ನೋಡಿಲ್ಲ ಬಿಡ್ರಿ. ಹೂಂ, ಬಿಚ್ರಿ. ಮುಹೂರ್ತ ಮೀರಾಕತ್ತದ."

ಬಾಯಿ ಬಿಟ್ಟರೆ ಬಣ್ಣಗೇಡು. ಹೆಣ್ಣು ಕೊಡುವ ಮನೆ, ಎದುರಿಗೆ ಇನ್ನೂರು ಜನ. ಸಾಹುಕಾರರು ನನ್ನನ್ನು ನೋಡಿದರು. ನಾನು ಚಪ್ಪರ ನೋಡಿದೆ. ಅವರ ಕೈ ಅಲುಗದೆ ಇದ್ದುದನ್ನು ಕಂಡು ಅವರ ಹೆಂಡತಿ ತಾವೇ ಮುಂದೆ ಬಂದು ಪಟ್ಟಿ ಬಿಚ್ಚಿ, ಅಳಿಯನ ಕೈಗೆ ಕಟ್ಟಿ, ಒಂದಿಷ್ಟು ಅಕ್ಕಿಕಾಳನ್ನೂ ಹಾಕಿದರು.

ಊಟಕ್ಕೆ ಕೂತಾಗ ಅಳಿಯ ಸಾಹುಕಾರರ ಎದುರಿನ ಸಾಲಿನಲ್ಲೇ ಇದ್ದ. ಹುಡುಗನಿಗೆ ಪಕ್ಕದ ತೂತು ಕಂಡಿತು. ಹಲ್ಲುಕಡ್ಡಿ ತೆಗೆದುಕೊಂಡು ಒತ್ತತೊಡಗಿದ. ಹೋಳಿಗೆಯವನು ನಮ್ಮ ಸಾಲಿಗೆ ಬರುವಷ್ಟರಲ್ಲಿ ಹುಡುಗ ದೀಪಾವಳಿ ದಾಟಿ ಸಂಕ್ರಾಂತಿಯ ಹತ್ತಿರ ಹೋಗಿದ್ದ. ಸಾಹುಕಾರರು ಹೋಳಿಗೆ ಬೇಡ, ತುಪ್ಪ ಬೇಡ, ಅನ್ನವೂ ಬೇಡ ಎನ್ನುತ್ತ ಆ ಕಡ್ಡಿಯನ್ನೇ ನೋಡುತ್ತಿದ್ದರು.

ಅವರ ಹೆಂಡತಿ ಹಿಂದೆ ನಿಂತು ಮೆಲ್ಲಗೆ ಹೇಳಿದರು: "ಅದು ಈಗ ಮಂದಿ ಮನಿ ವಾಚು. ನೀವು ಉಣ್ರಿ."