ಡಿಕ್ಕಿ ಆತು, ಒಂದ ಕೈ ಸಾಕು

ಹೆಂಡತಿ ತವರಿಗೆ ಹೋದರೆ ಗಂಡನಿಗೆ ಸ್ವರ್ಗ ಎಂದವನ ಹೆಂಡತಿ ಎರಡೇ ದಿನಕ್ಕೆ ವಾಪಸ್ಸು ಬಂದಿರಬೇಕು. ನನ್ನ ಮಾಧುರಿ ತಂಗಿಯ ಮಗಳ ಬಾಣಂತನಕ್ಕೆಂದು ಧಾರವಾಡಕ್ಕೆ ಹೋಗಿ ನಲವತ್ತೊಂದು ದಿನವಾಗಿತ್ತು. ಗೋರೆಗಾಂವಿನ ಏಳನೆಯ ಮಹಡಿಯ ಫ್ಲ್ಯಾಟಿನಲ್ಲಿ ನಾನು ಮತ್ತು ಫ್ರಿಜ್ಜು, ಇಬ್ಬರೇ. ಅದಾದರೂ ಆಗಾಗ ಗುಂಯ್ ಅನ್ನುತ್ತಿತ್ತು. ನಾನು ಅದೂ ಇಲ್ಲ.

ಅವಳಿಲ್ಲದ್ದು ಹೆಚ್ಚು ತಟ್ಟಿದ್ದು ಅಡುಗೆಮನೆಯಲ್ಲಲ್ಲ, ಕಾರಿನ ಡಿಕ್ಕಿಯ ಹತ್ತಿರ. ನನ್ನ ಎರಡೂ ಭುಜ ಹಿಡಿದುಕೊಂಡು ಎರಡು ವರ್ಷವಾಯಿತು, ಕೈ ಹೆಗಲಿನಿಂದ ಮೇಲೆ ಏಳುವುದಿಲ್ಲ. (ಆಫೀಸಿನಲ್ಲಿ ಇದನ್ನು ವಿನಯ ಎಂದು ತಿಳಿದಿದ್ದಾರೆ.) ಹೀಗಾಗಿ ಪ್ರತಿ ರವಿವಾರ ಮಾಟುಂಗಾದಿಂದ ಸಂತೆ ಮಾಡಿಕೊಂಡು ಬಂದಾಗ ಡಿಕ್ಕಿಯ ಬಾಗಿಲನ್ನು ಇಬ್ಬರೂ ಕೂಡಿ, ಒಂದು, ಎರಡು, ಮೂರು ಎಂದು ಎಣಿಸಿ ಮುಚ್ಚುವುದು ನಮ್ಮ ದಾಂಪತ್ಯದ ಸಂಪ್ರದಾಯ. 'ಎರಡು' ಅನ್ನುವಷ್ಟರಲ್ಲೇ ಅವಳು ಮುಚ್ಚಿರುತ್ತಿದ್ದಳು. 'ಮೂರು' ನಾನೊಬ್ಬನೇ ಅನ್ನುತ್ತಿದ್ದೆ.

ಅವಳು ಹೋದ ಮೇಲೆ ಆ ಕೆಲಸ ಕೆಳಗಿನ ಮಹಡಿಯ ಉಡುಪಿಯ ರಮಾನಾಥರದಾಯಿತು. ಮುಚ್ಚಿಕೊಟ್ಟು, ಐದು ನಿಮಿಷ ಮಾತಾಡಿ ಹೋಗುತ್ತಿದ್ದರು. ವಾರವಾರವೂ ಪರರ ಹಂಗೇಕೆ ಎಂದು ನನ್ನ ಸ್ವಾಭಿಮಾನ ಹೆಡೆಯೆತ್ತಿತು. ಹಿತೇಶ್ ಎಂಬವನ ಕಾರ್ ಆಕ್ಸೆಸರಿ ಅಂಗಡಿಗೆ ಹೋಗಿ, ಗುಂಡಿ ಒತ್ತಿದರೆ ತಾನೇ ತೆರೆದು ತಾನೇ ಮುಚ್ಚಿಕೊಳ್ಳುವಂತೆ ಡಿಕ್ಕಿಗೆ ಮೋಟರು ಕೂಡಿಸಿಕೊಂಡೆ.

"ಅಂಕಲ್, ಅಬ್ ಏಕ್ ಹಾಥ್ ಬಸ್ ಹೈ," ಎಂದ ಹಿತೇಶ್.

ರವಿವಾರದ ಸಂತೆಯನ್ನೂ ಮುಗಿಸಿ ಬಿಲ್ಡಿಂಗಿಗೆ ಬಂದು ಗುಂಡಿ ಒತ್ತಿದೆ. ಬೀಪ್ ಬೀಪ್ ಎನ್ನುತ್ತ ಡಿಕ್ಕಿಯು ಗಜಗಾಂಭೀರ್ಯದಿಂದ ಮೇಲೆದ್ದಿತು. ರೂಢಿಯಂತೆ ಕೈ ಚಾಚಿ ಬಂದ ರಮಾನಾಥರು ನಿಂತು ನೋಡಿದರು.

"ಭಾರೀ ಚಂದ ಉಂಟು ಮಾರಾಯ್ರೆ. ಇನ್ನು ನನ್ನ ಕೆಲಸ ಇಲ್ಲ ಅಲ್ವಾ?" ಎಂದವರೇ ಲಿಫ್ಟಿಗೆ ಹೋಗಿಬಿಟ್ಟರು. ವಾರದ ಐದು ನಿಮಿಷದ ಮಾತನ್ನೂ ನಾನೇ ಕೈಯಾರೆ ಕಳೆದುಕೊಂಡಿದ್ದೆ.

ಯಾರಿಗಾದರೂ ಹೇಳಲೇಬೇಕಲ್ಲ. ಹಿತೇಶನ ಮಾತನ್ನೇ ನಿಷ್ಠೆಯಿಂದ ಕನ್ನಡಿಸಿ ಮಾಧುರಿಗೆ ಮೆಸೇಜ್ ಮಾಡಿದೆ: "ಕಾರಿನ ಡಿಕ್ಕಿ ಆತು. ಇನ್ನ ಒಂದ ಕೈ ಸಾಕು. ಚಿಂತಿ ಮಾಡಬ್ಯಾಡ."

ಫೋನನ್ನು ಡಿಕ್ಕಿಯಲ್ಲಿಟ್ಟು, ತರಕಾರಿ ಚೀಲ ತೆಗೆದುಕೊಂಡು, ಗುಂಡಿ ಒತ್ತಿ ಮೇಲೆ ಬಂದೆ. ಫೋನು ಅಲ್ಲೇ ಉಳಿಯಿತು. ಅದು ಗೊತ್ತಾಗದೆ ಮನೆಯೆಲ್ಲ ಹುಡುಕಿದೆ. ಒಂದು ಮಿಸ್ಡ್ ಕಾಲ್ ಕೊಟ್ಟು ನೋಡು ಅನ್ನಲಿಕ್ಕೂ ಮನೆಯಲ್ಲಿ ಇನ್ನೊಂದು ಜೀವ ಬೇಕು. ಫ್ರಿಜ್ಜಿಗೆ ಫೋನಿಲ್ಲ.

ಬೆಳಿಗ್ಗೆ ಬೆಲ್ಲಾಯಿತು. ಬಾಗಿಲಲ್ಲಿ ಮಾಧುರಿ! ಬಸ್ಸಿನಲ್ಲಿ ಮುದುಡಿದ ಸೀರೆ, ಕೆಂಪು ಕಣ್ಣು. ನನ್ನ ಮುಖ ನೋಡಲಿಲ್ಲ. ಎರಡೂ ತೋಳು ಹಿಡಿದು, ಬೆರಳಿನ ತನಕ ಮುಟ್ಟಿ ನೋಡಿದಳು.

"ಎರಡೂ ಅದಾವಲ್ರೀ," ಅಂದಳು.

"ಏನು?"

"ಕೈ. ಡಿಕ್ಕಿ ಆತು, ಒಂದ ಕೈ ಸಾಕು ಅಂತ ಬರದೀರಿ. ಇಪ್ಪತ್ತ ಸಲ ಫೋನ್ ಹಚ್ಚೇನಿ, ನೀವ ಎತ್ತಲಿಲ್ಲ. ನಾ ಏನ ತಿಳೀಬೇಕು?"

"ಡಿಕ್ಕಿ ಅಂದ್ರ ಹಿಂದಿನ ಬಾಗಲಾ..."

"ಆ ಬಾಗಲದಾಗ ನಿಮ್ಮ ತಲಿ ಇಡ್ರಿ," ಎಂದವಳು ಸೋಫಾದ ಮೇಲೆ ಕುಳಿತು ಅತ್ತಳು. ಹೇಳಬಾರದು, ನನಗೆ ಆನಂದವಾಯಿತು. ನಲವತ್ತೊಂದು ದಿನದಲ್ಲಿ ಒಬ್ಬರು ನನ್ನನ್ನು ಮುಟ್ಟಿ ಮಾತಾಡಿಸಿದ್ದು ಅದೇ ಮೊದಲು.

ಆದರೆ ಸಂಜೆಯಾಗುತ್ತಲೇ ಅವಳು ಚೀಲ ಎತ್ತಿಕೊಂಡಳು.

"ಇನ್ನೆರಡ ದಿನಾ ಇರಬಾರದೇನ?" ಎಂದೆ.

"ಅಲ್ಲೆ ಕೂಸಿಗೆ ಎರಿಯಾವ್ರ ಇಲ್ಲ. ನಿಮಗೇನು, ಒಂದ ಕೈ ಸಾಕಲ್ಲ."

ಅವಳ ಚೀಲ ಇಡಲು ಗುಂಡಿ ಒತ್ತಿದೆ. ಡಿಕ್ಕಿ ಎದ್ದಿತು; ಒಳಗೆ ನನ್ನ ಫೋನು, ಅದರೊಳಗೆ ಅವಳ ಇಪ್ಪತ್ತು ಕರೆ. ಮುಚ್ಚುವಾಗ ಅವಳ ಕೈ ರೂಢಿಯಿಂದ ಮೇಲೆದ್ದು, ಕೆಲಸವಿಲ್ಲವೆಂದು ತಿಳಿದು ಕೆಳಗಿಳಿಯಿತು. ಆ ಮೋಟರು ಕೂಡಿಸಿದ್ದಕ್ಕೆ ನಾನು ಮೊದಲ ಸಲ ಪಶ್ಚಾತ್ತಾಪಪಟ್ಟೆ.

ದಾದರಿನಲ್ಲಿ ಬಸ್ಸು ಗುರುಗುಡುತ್ತ ನಿಂತಿತ್ತು. ಗುಂಡಿ ಒತ್ತಿದೆ. ಬೀಪ್ ಇಲ್ಲ. ಮತ್ತೆ ಒತ್ತಿದೆ. ಇಲ್ಲ. ಕೆಟ್ಟುನಿಂತ ಆ ಮೋಟರಿನ ಮೇಲೆ ನನಗೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಚೀಲ ಒಳಗೆ, ಬಸ್ಸು ಹೊರಡುತ್ತದೆ, ಹೆಂಡತಿ ಉಳಿಯುತ್ತಾಳೆ.

"ಸರೀರಿ," ಎಂದು ಮಾಧುರಿ ಒಂದೇ ಕೈಯಿಂದ ಬಾಗಿಲೆತ್ತಿ, ಚೀಲ ಎಳೆದುಕೊಂಡು ಬಸ್ಸು ಹತ್ತಿದಳು. ಕಿಟಕಿಯಿಂದ, "ಮೆಂತೇ ಹಿಟ್ಟು ಸ್ಟೀಲ್ ಡಬ್ಬಿಯೊಳಗ ಅದ," ಎಂದಳು.

ಬಸ್ಸು ಹೋಯಿತು. ತೆರೆದ ಡಿಕ್ಕಿ ತಲೆಯ ಮೇಲೆ ನಿಂತಿತ್ತು, ನನ್ನ ಕೈ ಅಲ್ಲಿಯ ತನಕ ಏಳದು. ಒಂದು, ಎರಡು ಎಂದು ಎಣಿಸಿದೆ. ಯಾರೂ ಮುಚ್ಚಲಿಲ್ಲ. 'ಮೂರು' ಅನ್ನುವಷ್ಟರಲ್ಲಿ ಹಿಂದೆ ಹಿಂದೆ ಸರಿದು ಬಂದ ಟೆಂಪೋ ಒಂದು ಆ ಬಾಗಿಲಿಗೇ ಧಡ್ ಎಂದು ಗುದ್ದಿತು. ನಾನು ಬದಿಗೆ ಹಾರಿ, ಮೊಣಕೈ ತರಚಿಕೊಂಡು ಫುಟ್‌ಪಾತಿನ ಮೇಲೆ ಕುಳಿತೆ. ಜೇಬಿನಿಂದ ಫೋನು ತೆಗೆದು ಬರೆದೆ:

"ಮಾಧುರಿ, ಡಿಕ್ಕಿ ಆತು. ಖರೇನ ಆತು."

ಅರ್ಧ ನಿಮಿಷದಲ್ಲಿ ಉತ್ತರ ಬಂತು:

"ನೋಡೇನಲ್ರೀ, ಹಿಂದಿನ ಬಾಗಲಾ. ಚಂದ ಆಗೇದ."