ಬಾಸ್ ಸಹಿಯ ಕೌದಿ

"ಅಮ್ಮೀ, ನನ್ನ ಬಿಳಿ ಅಂಗಿ ಎಲ್ಲೈತಿ?"

"ಲೆಬನಾನಕ್ಕ ಹೊಂಟೈತಿ," ಎಂದಳು ತಸ್ಲೀಮಾ, ರೊಟ್ಟಿಯಿಂದ ಕಣ್ಣು ಕೀಳದೆ.

ಅಫ್ಜಲನ ಕೈಯಲ್ಲಿದ್ದ ಬಾಚಣಿಕೆ ಕೆಳಗೆ ಬಿತ್ತು. ಅವನಿಗೆ ಗೊತ್ತಾಗಿಹೋಯಿತು. ಸವಣೂರಿನ ಅವರ ಓಣಿಯ ಬಸವೇಶ ಶಾಂತಿಪಡೆಯ ಜವಾನನಾಗಿ ಲೆಬನಾನಿಗೆ ಹೋಗಿದ್ದ. ಅಲ್ಲಿ ಯುದ್ಧ. "ಗುಂಡಿನಕಿಂತಾ ಥಂಡಿನ ಜಾಸ್ತಿ ಕಾಡಾಕತ್ತೈತ್ರಿ" ಎಂದು ಅವನು ಫೋನಿನಲ್ಲಿ ಅಂದದ್ದೇ ತಡ, ರಿಟೈರಾದ ಮನೋರಮಾ ಟೀಚರು ಓಣಿಯ ಹೆಂಗಸರನ್ನೆಲ್ಲ ಕಲೆಹಾಕಿ ಅವನ ಇಡೀ ತುಕಡಿಗೆ ಕೌದಿ ಹೊಲಿಸಲು ನಿಂತಿದ್ದರು. ಹಳೇ ಸೀರೆ, ಹಳೇ ಲುಂಗಿ, ಹಳೇ ಅಂಗಿ ಕಂಡಲ್ಲಿ ಹಿಡಿದು ಪದರದ ಮೇಲೆ ಪದರವಿಟ್ಟು ಹೊಲಿಯುತ್ತಿದ್ದರು. ಹಗ್ಗದ ಮೇಲೆ ಒಣಗಲು ಹಾಕಿದ ಬಟ್ಟೆಗೆ ಜನ ಕಾವಲು ಕೂರುವ ಕಾಲ ಬಂದಿತ್ತು.

"ಅಮ್ಮೀ, ಅದು ಹಳೇ ಅಂಗಿ ಅಲ್ಲ! ಅದರ ಬೆನ್ನಿನ ಮ್ಯಾಲೆ ಬಾಸ್ ಸಹಿ ಐತಿ!"

"ಸಹಿನೋ, ಕಾಗಿ ಕಾಲೋ! ಮೂರು ಸಲ ತಿಕ್ಕಿದೆ, ಹೋಗಲಿಲ್ಲ. ಅದಕ್ಕ ಕೊಟ್ಟೆ."

ಬಾಸ್ ಅಂದರೆ ಅಫ್ಜಲ ಹುಚ್ಚು ಹಿಡಿಸಿಕೊಂಡ ಸಿನಿಮಾ ಹೀರೊ. ಬಾಸ್ ಹುಬ್ಬಳ್ಳಿಗೆ ಬಂದಾಗ ಅಫ್ಜಲ ಹೋಗಿದ್ದು ನಿಜ. ನೂಕಾಟದಲ್ಲಿ ಒಂದು ಚಪ್ಪಲಿ ಕಳಕೊಂಡದ್ದೂ ನಿಜ. ಆದರೆ ಅವನಿಗೆ ಸಿಕ್ಕಿದ್ದು ಬಾಸ್ ಕಾರಿನ ಹೊಗೆಯ ದರ್ಶನ ಮಾತ್ರ. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು, ಮಾರ್ಕರ್ ಪೆನ್ನಿನಿಂದ ಅಂಗಿಯ ಮೇಲೆ ಬಾಸ್ ಸಹಿ ಗೀಚಿದ ಕೈ ಅಫ್ಜಲನದೇ. ಆ ಸಹಿಯ ಬಲದಿಂದಲೇ ಅವನು ತಾಲೂಕು ಅಭಿಮಾನಿ ಸಂಘದ ಅಧ್ಯಕ್ಷನಾಗಿದ್ದ. ಸಂಜೆ ಸಂಘದ ಸಭೆ. ಆ ಅಂಗಿ ತೊಟ್ಟು ಹೋಗದಿದ್ದರೆ ಕುರ್ಚಿ ಪವನನ ಪಾಲು. ಪವನನೋ, ಕುರ್ಚಿಯ ಸುತ್ತ ಬೆಕ್ಕಿನಂತೆ ಸುಳಿಯುತ್ತಲೇ ಇದ್ದ.

ಅಫ್ಜಲ ಕೌದಿಯ ಕಾರ್ಖಾನೆಗೆ, ಅಂದರೆ ಓಣಿಯ ಅಜ್ಜಿ ಕುಲಸುಮಬಿಯ ಪಡಸಾಲೆಗೆ ನುಗ್ಗಿದ. ಕೂದಲು ಹಿಂದಕ್ಕೆ ತೂರಿ, ಕಣ್ಣು ಕಿರಿದು ಮಾಡಿ ಬಾಸ್ ಡೈಲಾಗು ಹೊಡೆದ:

"ಈ ಅಫ್ಜಲ ಹೆಜ್ಜಿ ಇಟ್ಟ ಅಂದ್ರ, ಭೂಮಿನ ಸರದು ಜಾಗಾ ಬಿಡಬೇಕು!"

"ಮೊದಲ ಚಪ್ಪಲಿ ಹೊರಗ ಬಿಡು ಬೇಟಾ," ಎಂದಳು ಕುಲಸುಮಬಿ. "ಭೂಮಿ ಈಗಷ್ಟ ಸಾರ್ಸೇನಿ."

"ನಾನೀ, ನಮ್ಮನಿಯಿಂದ ಒಂದು ಬಿಳಿ ಅಂಗಿ ಬಂದೈತಲ್ಲ…"

"ಬಂದೈತಿ, ಕತ್ತರಿಸೇನಿ, ಹೊಲದೇನಿ. ಯಾವ ಕೌದಿಗೆ ಅಂತ ನನ್ನ ಕೇಳಬ್ಯಾಡ. ಕೂದಲಾ ಹಣ್ಣಾಗ್ಯಾವ, ನೆನಪೂ ಹಣ್ಣಾಗೈತಿ."

ಅಜ್ಜಿ ಚಹಾ ಇಡಲು ಒಳಗೆ ಹೋದಳು. ಮೂಲೆಯಲ್ಲಿ ಕೌದಿಗಳ ಗುಡ್ಡವಿತ್ತು. ಅಫ್ಜಲ ಕಿಸೆಯಿಂದ ಬ್ಲೇಡು ತೆಗೆದ. ಒಂದರಲ್ಲಿ ಬಿಳಿ ಕಂಡಿತು, ಹೊಲಿಗೆ ಬಿಚ್ಚಿದ. ಯಾರದೋ ಲುಂಗಿ. ಇನ್ನೊಂದು ಬಿಚ್ಚಿದ. ದಿಂಬಿನ ಚೀಲ. ಅಜ್ಜಿ ಚಹಾ ತರುವಷ್ಟರಲ್ಲಿ ಪಡಸಾಲೆ ನಾಯಿ ಹೊಕ್ಕ ಕೋಳಿಗೂಡಿನಂತಾಗಿತ್ತು.

"ಯಾ ಅಲ್ಲಾ! ಹದಿನೈದು ದಿನದ ಹೊಲಗಿ! ಕುಂಡರಲೇ ಇಲ್ಲಿ! ಹಿಡಿ ಸೂಜಿ!"

ಅಧ್ಯಕ್ಷರು ಗೋಡೆಗೆ ಬೆನ್ನು ಹಚ್ಚಿ ಮಧ್ಯಾಹ್ನದವರೆಗೂ ಹೊಲಿದರು. ಬೆರಳಿಗೆ ಚುಚ್ಚಿಕೊಂಡಾಗಲೆಲ್ಲ ಹೊಲಿಯಲು ಬಂದ ಹೆಂಗಸರು "ಜವಾನ ಜಖಂ ಆದ್ನವಾ!" ಎಂದು ನಗುತ್ತಿದ್ದರು.

ಅಷ್ಟರಲ್ಲಿ ಕುಲಸುಮಬಿ ತನ್ನ ತೊಡೆಯ ಮೇಲಿನ ಕೌದಿ ತಿರುವಿದಳು. ನಟ್ಟನಡುವೆ ಬಿಳಿ ತುಂಡು, ಅದರ ಮೇಲೆ ಸಹಿ!

"ಇಲ್ಲೊಂದು ಕಲೆ ಉಳದೈತಿ," ಎಂದು ಅವಳು ಒಂದು ಹಸಿರು ತುಂಡನ್ನು ಅದರ ಮೇಲೆ ಹಾಕಿ ಸೂಜಿ ಏರಿಸಿದಳು.

"ನಾನೀ, ಮುಚ್ಚಬ್ಯಾಡ್ರಿ!" ಅಫ್ಜಲ ಚೀರಿದ ರಭಸಕ್ಕೆ ಓಣಿಯೆಲ್ಲ ಬಾಗಿಲಿಗೆ ಬಂತು. ಬಂದವರಲ್ಲಿ ಪವನನೂ ಇದ್ದ. ಅವನು ಬಗ್ಗಿ ನೋಡಿದ. ಕಣ್ಣು ಅರಳಿದವು.

"ಲೇ, ಇದು ಬಾಸ್ ಸಹಿ! ಅಧ್ಯಕ್ಷರು ತಮ್ಮ ಅಂಗಿನ ಸೈನಿಕರಿಗೆ ಕೊಟ್ಟಾರಲೇ!"

ಮನೋರಮಾ ಟೀಚರು ಕನ್ನಡಕ ಏರಿಸಿದರು. "ಹಂಗಾರ ಇದನ್ನ ಕಳಸೂದು ಬ್ಯಾಡ. ಸಂಜೀಕ ಹರಾಜಿನ ಸವಾಲ್ ಮಾಡೋಣು. ದುಡ್ಡು ಬ್ಯಾಡ್ರಿ, ನಮ್ಮ ಕೆಲಸಕ್ಕ ಬರೂ ಸಾಮಾನು ಕೂಗ್ರಿ. ಯಾರದು ಹೆಚ್ಚೋ ಅವರಿಗೆ ಕೌದಿ. ಏನಂತೀ ಅಫ್ಜಲ? ನಿಂದೇನು ತಕರಾರು ಇಲ್ಲಲ್ಲ?"

ಊರೆಲ್ಲ ಚಪ್ಪಾಳೆ ತಟ್ಟುತ್ತಿರುವಾಗ ತಕರಾರು ಎತ್ತುವುದಾದರೂ ಹೇಗೆ? "ದೇಶದ ಮುಂದ ಅಂಗಿ ಏನ್ರಿ ಟೀಚರ್ರ, ಚರ್ಮಾ ಸುಲದು ಕೊಡ್ತೇನಿ!" ಎಂದುಬಿಟ್ಟ.

ಪವನ ಹತ್ತಿರ ಬಂದು ಪಿಸುಗುಟ್ಟಿದ: "ಸವಾಲ್ ನಾನ ಹೊಡಿಯಾಂವ. ಕೌದಿ ತಗೊಂಡು ಸೀದಾ ಬೆಂಗಳೂರಿಗೆ ಹೋಗಿ ಬಾಸ್‌ಗ ತೋರಿಸ್ತೇನಿ. ತಮ್ಮ ಸಹಿ ತಾವ ನೋಡಿ ಎಷ್ಟ ಖುಷಿ ಪಡ್ತಾರ!"

ಅಫ್ಜಲ ಲೆಕ್ಕ ಹಾಕಿದ. ಬಾಸ್ ನೋಡಿದರೆ ಕುರ್ಚಿ ಹೋಗುವುದು ಹಾಗಿರಲಿ, ಊರಲ್ಲಿ ತಲೆ ಎತ್ತಿ ಚಹಾ ಕುಡಿಯುವಂತಿರಲಿಲ್ಲ.

ಸಂಜೆ ಚಹಾದಂಗಡಿಯ ಮುಂದೆ ಸವಾಲು ಶುರುವಾಯಿತು. ಅಭಿಮಾನಿ ಸಂಘ ತನ್ನ ಸಭೆಯನ್ನೂ ಅಲ್ಲಿಗೇ ತಂದಿತ್ತು.

"ತುಕಡಿಗೆಲ್ಲಾ ಒಂದೊಂದು ಡಬ್ಬಿ ಸವಣೂರ ಖಾರಾ!" ಎಂದ ಕುರುಕಲು ಖಾರದ ಅಂಗಡಿಯ ಫಯಾಜ.

"ಹುರದ ಶೇಂಗಾ, ಎರಡು ಚೀಲ!" ಎಂದ ಪವನ.

"ನನ್ನ ರಕ್ತಾ ಕೊಡ್ತೇನಿ!" ಅಫ್ಜಲ ಎದೆಗೆ ಗುದ್ದಿಕೊಂಡ.

"ಪಾರ್ಸಲ್‌ದಾಗ ಸೋರ್ತದಪಾ," ಎಂದರು ಟೀಚರು. "ಗಟ್ಟಿ ಸಾಮಾನು ಹೇಳು."

ಗಟ್ಟಿಯಾದದ್ದು ಯಾವುದೂ ಅಫ್ಜಲನಿಗೆ ಆ ಕ್ಷಣ ಹೊಳೆಯಲಿಲ್ಲ. ಟೀಚರು ಕೈ ಎತ್ತಿದರು. "ಶೇಂಗಾ ಒಂದನೇ ಸಲ… ಶೇಂಗಾ ಎರಡನೇ ಸಲ…"

"ಹೊಸಾ ಬೈಕ್!"

ಎಲ್ಲರೂ ತಿರುಗಿದರು. ವೀಳ್ಯದೆಲೆ ವ್ಯಾಪಾರ ಮುಗಿಸಿ ಬಂದ ಅಫ್ಜಲನ ತಂದೆ ಮುನಾಫ ಸಾಹೇಬರು ನಿಂತಿದ್ದರು. ಮಗನಿಗೆ ರಂಜಾನಿಗೆ ಕೊಡಿಸಿದ, ಸೀಟಿನ ಪ್ಲಾಸ್ಟಿಕ್ ಸಹ ಹರಿಯದ ಬೈಕಿನ ಕೀಲಿ ಅವರ ಬೆರಳಲ್ಲಿ ತೂಗುತ್ತಿತ್ತು.

ಪವನ ಸವಾಲಿನಿಂದ ಹಿಂದೆ ಸರಿದ. ಟೀಚರ ಮುಖ ಊರಗಲವಾಯಿತು. "ಗಂಟು ಹೊತ್ತು ಹೊತ್ತು ನಮ್ಮ ಹೆಣ್ಮಕ್ಕಳ ತೋಳು ಬಿದ್ದಿದ್ವು. ಇನ್ನ ಯಲವಿಗಿ ಸ್ಟೇಶನ್ನಿಗೆ ಪಾರ್ಸಲ್ ಒಯ್ಯೂದು ಸಲೀಸಾತು ನೋಡ್ರಿ!"

ಕೌದಿ ಮುನಾಫ ಸಾಹೇಬರ ಹೆಗಲೇರಿತು. ಬೈಕು ಹೋದರೂ ಗುಟ್ಟು ಉಳಿಯಿತಲ್ಲ ಎಂದು ಅಫ್ಜಲನ ಕಣ್ಣು ತುಂಬಿ ಬಂತು. ತಂದೆಯ ಕೈ ಹಿಡಿದ.

"ಅಬ್ಬಾ, ನನ್ನ ಅಂಗಿ ಸಲುವಾಗಿ ನೀವು ಇಷ್ಟ ದೊಡ್ಡ…"

"ಅಂಗಿ ಸಲುವಾಗಿ ಅಲ್ಲಲೇ," ಎಂದರು ಅವರು, ಜನರಿಗೆ ನಗುಮುಖ ತೋರಿಸುತ್ತಲೇ ಹಲ್ಲಿನ ಸಂದಿಯಿಂದ. "ಸಾಲ್ಯಾಗ ಎಲ್ಲಾ ಮಾರ್ಕ್ಸ್ ಕಾರ್ಡಿನ ಮ್ಯಾಲೂ ನನ್ನ ಸಹಿ ಮಾಡಿದ ಕೈ ನಿಂದು. ಸಹಿ ಕೊನಿಗೆ ಆ ಬಾಲಾ ಎಳಿಯೂ ಚಾಳಿ ನನಗ ಗೊತ್ತಿಲ್ಲೇನು? ನೀ ಗೀಚಿದ್ದಕ್ಕ ಪಾಪದವರು ಶೇಂಗಾ ಕಳ್ಕೋಬೇಕೇನಲೇ?"

ಅಫ್ಜಲ ಹಿಡಿದ ಕೈಯನ್ನು ಮೆಲ್ಲಗೆ ಬಿಟ್ಟ.

"ಮುನಾಫ ಸಾಹೇಬ್ರ!" ಟೀಚರು ಕೂಗಿದರು. "ಗಾಡಿ ಬಂತು, ಖರೆ. ಆದ್ರ ನಮ್ಮೊಳಗ ಯಾರಿಗೂ ಹೊಡೀಲಿಕ್ಕೆ ಬರೂದಿಲ್ಲಲ್ರಿ?"

"ಗಾಡಿ ಜೋಡಿ ಡ್ರೈವರ್‌ನೂ ಕೊಟ್ಟೇನ್ರಿ ಟೀಚರ್ರ. ಯುದ್ಧ ಮುಗಿಯೂತನಾ ನಿಮ್ಮಂವ."

"ಅಧ್ಯಕ್ಷರಿಗೆ ಜೈ!" ಎಂದು ಪವನ ಚೀರಿದ. ಸಂಘವೆಲ್ಲ ಸಿಳ್ಳೆ ಹಾಕಿತು. ಕುಲಸುಮಬಿ ಆಗಲೇ ಗಂಟು ಹೊತ್ತು ಹಿಂದಿನ ಸೀಟಿನ ಮೇಲೆ ಏರಿ ಕೂತಾಗಿತ್ತು.

"ಪೆಟ್ರೋಲು?" ಅಫ್ಜಲ ಸಣ್ಣ ದನಿಯಲ್ಲಿ ಕೇಳಿದ.

ಮುನಾಫ ಸಾಹೇಬರು ಮಗನ ಬೆನ್ನು ತಟ್ಟಿದರು. "ಬಾಸ್‌ನ ಕೇಳು."