ಮುಟ್ಟಿನ ಮಾತು ಹೇಳಹೊರಟಾಗ

ಹೆಣ್ಣುಮಕ್ಕಳಿಗೆ ಮುಟ್ಟಿನ ಬಗ್ಗೆ ತಿಳಿಹೇಳುವುದು, ಪ್ಯಾಡು ಹಂಚುವುದು ನನ್ನ ಕೆಲಸ. ಬೆಳಿಗ್ಗೆ ಚನ್ನಪಟ್ಟಣ, ಮಧ್ಯಾಹ್ನ ಕನಕಪುರ, ಒಂದು ಕಡೆ ಕೂತು ಕಾಫಿ ಕುಡಿದು ಗೊತ್ತಿಲ್ಲ. ಆ ಓಟದ ನಡುವೆ ಇಂಥದ್ದೊಂದು ಪ್ರಸಂಗ ನಡೆಯದ ವಾರವೂ ಇಲ್ಲ.

ಚಾಕ್‌ಪೀಸ್

ಕನಕಪುರದ ಕಡೆಯ ಒಂದು ಶಾಲೆ. ನಾನು ಕೊಟ್ಟ ಪ್ಯಾಡುಗಳನ್ನು ಹೆಡ್‌ಮಾಸ್ತರು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಅವರ ಹತ್ತಿರ ಬೀಗದಕೈ ಕೇಳಲು ನಾಚಿ ಹುಡುಗಿಯರು ಆ ದಿನಗಳಲ್ಲಿ ಶಾಲೆಗೇ ಬರುತ್ತಿರಲಿಲ್ಲ. ನಾನು ಜಗಳಕ್ಕೇ ನಿಂತೆ.

"ಆಯ್ತು ಮೇಡಂ, ಡಬ್ಬಿ ಮೇಲೆ ಚಾಕ್‌ಪೀಸ್ ಅಂತ ಬರೆದು ಕಿಟಕಿ ಹತ್ರ ಇಡ್ತೀನಿ. ಬೇಕಾದೋರು ತಗೊಳ್ಳಿ" ಅಂದರು.

ಹುಡುಗಿಯರು ಬರತೊಡಗಿದರು. ಅಷ್ಟರಲ್ಲಿ ಗಣಿತಕ್ಕೆ ಹೊಸ ಮೇಷ್ಟ್ರು ಬಂದರು. ಬೋರ್ಡಿನ ಮುಂದೆ ನಿಂತು, "ಒಂದು ಚಾಕ್‌ಪೀಸ್ ತಗೊಂಡ್ ಬಾರಮ್ಮ" ಅಂದರಂತೆ.

ಮುಂದಿನ ಬೆಂಚಿನವಳು ಎದ್ದು ಮೆಲ್ಲಗೆ ಕೇಳಿದಳಂತೆ: "ಯಾರಿಗೆ ಸಾರ್?"

ಬಿಸಿಲು

ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವವರ ಮನೆ. ಮುಟ್ಟಿನ ಬಟ್ಟೆಯನ್ನು ಮಂಚದ ಕೆಳಗೆ ಒಣಗಿಸಿ ಮೊಮ್ಮಗಳಿಗೆ ನವೆ ಹತ್ತಿತ್ತು. "ಬಿಸಿಲಿಗೆ ಹಾಕಿ ಅಜ್ಜಿ" ಅಂದೆ.

"ಜನ ನೋಡಿದ್ರೆ?"

"ನೋಡ್ಲಿ ಬಿಡಿ" ಅಂದು ಮುಂದಿನ ಮನೆಗೆ ಓಡಿದೆ.

ಮುಂದಿನ ವಾರ ಹೋದರೆ ಬಟ್ಟೆ ಮನೆ ಮುಂದಿನ ತಂತಿಯ ಮೇಲೆ. ಕೆಳಗೆ ಸ್ಟೂಲು ಹಾಕಿಕೊಂಡು ಅಜ್ಜಿ, ಕೈಯಲ್ಲಿ ದೊಣ್ಣೆ.

"ಇದೇನಜ್ಜಿ?"

"ಬಟ್ಟೆಗೆ ಬಿಸಿಲು, ನೋಡೋರಿಗೆ ಇದು!"

ಮೆತ್ತಗಿರೋದು

ಮಾಗಡಿಯಲ್ಲಿ ಬಸ್ಸು ತಪ್ಪಿ, ಅಂಗಡಿಯೊಂದರ ಮುಂದೆ ಶತಪಥ ಹಾಕುತ್ತಿದ್ದೆ. ರೈತನೊಬ್ಬ ಬೈಕು ನಿಲ್ಲಿಸಿ ಒಳಗೆ ನುಗ್ಗಿದ. ಬೈಕಿನ ಪಕ್ಕ ಮಗಳು, ಕೈಯಲ್ಲಿ ಹಾಲ್‌ಟಿಕೆಟ್, ಕಣ್ಣಲ್ಲಿ ನೀರು.

"ಒಂದ್ ಪ್ಯಾಡ್ ಕೊಡ್ಲಾ. ಮಗಳಿಗೆ ಪರೀಕ್ಷೆ ಐತೆ."

ಅಂಗಡಿಯವನು ಪರೀಕ್ಷೆ ಬರೆಯುವ ರಟ್ಟಿನ ಪ್ಯಾಡು ಕೊಟ್ಟ.

"ಇದಲ್ಲ ಕಣ್ಲಾ."

ಅದಕ್ಕಿಂತ ದೊಡ್ಡದು ತಂದ.

"ಕ್ಲಿಪ್ ಇಲ್ದಿರೋದು ಕಣ್ಲಾ! ಮೆತ್ತಗಿರೋದು!"

"ಮೆತ್ತಗಿದ್ರೆ ಬರೆಯೋದೆಂಗಣ್ಣ?"

ಹಿಂದೆ ನಾಲ್ಕೈದು ಗಂಡಸರು ನಿಂತಿದ್ದರು. ನಾನು ಸಹಾಯಕ್ಕೆ ಹೋಗುವಷ್ಟರಲ್ಲಿ ರೈತನೇ ಕೂಗಿಬಿಟ್ಟ: "ಮಗಳು ಮುಟ್ಟಾಗವ್ಳೆ ಕಣ್ಲಾ! ಇನ್ನರ್ಧ ಗಂಟೆ ಐತೆ ಅಷ್ಟೆ! ಕೊಡ್ಲಾ ಬೇಗ!"

ಅಂಗಡಿಯವನು ಪ್ಯಾಕೆಟ್ಟನ್ನು ಪೇಪರಿನಲ್ಲಿ ಸುತ್ತಹೋದರೆ, ರೈತ ಕಿತ್ತುಕೊಂಡು ಓಡಿದ. ಹುಡುಗಿಯನ್ನು ನಾನೇ ಪಕ್ಕದ ಹೋಟೆಲಿನ ಬಚ್ಚಲಿಗೆ ಕರೆದೊಯ್ದೆ. ಬೈಕು ಹತ್ತುವಾಗ ಅವಳು ಕಣ್ಣೊರೆಸಿಕೊಂಡು ನಗುತ್ತಿದ್ದಳು. ಪರೀಕ್ಷೆಗೆ ಇನ್ನೂ ಹದಿನೈದು ನಿಮಿಷ ಇತ್ತು.

ತಿರುಗಿ ಅಂಗಡಿಗೆ ಬಂದರೆ, ಅದೇ ಗಂಡಸರು ಇನ್ನೂ ಹಾಗೇ ನಿಂತಿದ್ದಾರೆ. ದಪ್ಪ ಮೀಸೆಯವನೊಬ್ಬ ಆಚೀಚೆ ನೋಡಿ, ಗಲ್ಲಾಪೆಟ್ಟಿಗೆಯ ಮೇಲೆ ಬಾಗಿ, ಮೆಲ್ಲಗೆ ಅಂದ:

"ಅಂಗೇ ನಮ್ಮನೇಗೂ ಒಂದ್ ಕೊಟ್ಬುಡಪ್ಪ... ಬರೆಯೋದಲ್ಲ."